ದವಡೆಗೆ ತುಂಬುವ ಎಲುಬಿನ ಪುಡಿಯಿಂದ ಕ್ಯಾನ್ಸರ್ ಬರುತ್ತದಾ?

ಪ್ರಶ್ನೆ (ಕಾಪುವಿನಿಂದ):
ಮೇಡಂ, ನನ್ನ ಅಮ್ಮನಿಗೆ 61 ವರ್ಷ. ಕೆಳಗಿನ ದವಡೆಹಲ್ಲು ತೆಗೆಸಿ ಆರು ವರ್ಷ ಆಯಿತು. ಈಗ ಇಂಪ್ಲಾಂಟ್ (ಎಲುಬಿಗೆ ತಿರುಪು ಕೂರಿಸಿ ಕಟ್ಟುವ ಹಲ್ಲು) ಹಾಕಿಸೋಣ ಅಂತ ಉಡುಪಿಯಲ್ಲಿ ತೋರಿಸಿದೆವು. ಎಲುಬು ಕರಗಿದೆ, ಮೊದಲು ಬೋನ್ ಗ್ರಾಫ್ಟ್ ಹಾಕಿ ಐದಾರು ತಿಂಗಳು ಕಾಯಬೇಕು ಅಂದರು. ದನದ ಎಲುಬಿನಿಂದ ಮಾಡಿದ ಪುಡಿಯಂತೆ. ಇದನ್ನು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದ್ದೇ ತಪ್ಪಾಯಿತು. ‘ಎಲುಬು ಬೆಳೆಸುವ ಔಷಧ ಗಡ್ಡೆಯನ್ನೂ ಬೆಳೆಸುತ್ತದೆ’ ಅಂತ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಅಮ್ಮನಿಗೆ ನಾಲ್ಕು ವರ್ಷದ ಹಿಂದೆ ಸ್ತನದ ಕ್ಯಾನ್ಸರ್ ಆಗಿತ್ತು, ಈಗ ಆರಾಮಿದ್ದಾರೆ. ಆದರೆ ಇದನ್ನು ಓದಿದ ಮೇಲೆ ಹಲ್ಲೇ ಬೇಡ ಅಂತ ಕೂತಿದ್ದಾರೆ. ಹಾಕಿಸಬಹುದಾ?

ಉತ್ತರ (ಬಾಯಿ ಮತ್ತು ದವಡೆ ಸರ್ಜನ್, ಮಂಗಳೂರು):
ಚಿಕ್ಕಮ್ಮನ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. ಆದರೆ ಅದು ಬೇರೆ ವಸ್ತುವಿನ ಮಾತು.

ನಿಮ್ಮ ಡಾಕ್ಟ್ರು ಹಾಕುವ ಪುಡಿ ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಬರುತ್ತದೆ, ಸಾಮಾನ್ಯವಾಗಿ ಅರ್ಧ ಗ್ರಾಂ. ನೋಡಲು ದಪ್ಪ ರವೆಯ ಹಾಗೆ. ಸ್ಟೀಲ್ ಬಟ್ಟಲಿಗೆ ಹಾಕಿ ಸಲೈನ್ ಅಥವಾ ಗಾಯದ್ದೇ ರಕ್ತ ಸೇರಿಸಿ ಕಲಸಿದರೆ ಮಲ್ಪೆಯ ಒದ್ದೆ ಮರಳಿನ ಹದಕ್ಕೆ ಬರುತ್ತದೆ. ದನದ ಎಲುಬನ್ನು ಕಾಯಿಸಿ, ರಾಸಾಯನಿಕದಲ್ಲಿ ತೊಳೆದು, ಪ್ರೋಟೀನ್ ತೆಗೆದ ಮೇಲೆ ಉಳಿಯುವುದು ಬರೀ ಖನಿಜ. ನಮ್ಮ ಎಲುಬಿನಲ್ಲಿ ಇರುವುದೂ ಅದೇ ಜಾತಿಯ ಕ್ಯಾಲ್ಸಿಯಂ ಫಾಸ್ಫೇಟ್.

ಬಸಳೆ ಚಪ್ಪರ ನೆನಪು ಮಾಡಿಕೊಳ್ಳಿ. ಚಪ್ಪರ ತಾನಾಗಿ ಬೆಳೆಯುವುದಿಲ್ಲ, ಬಳ್ಳಿ ಹಬ್ಬಲು ಜಾಗ ಕೊಡುತ್ತದೆ ಅಷ್ಟೇ. ಈ ಪುಡಿಯೂ ಹಾಗೆ. ಕಾಳುಗಳ ಸಂದಿಯಲ್ಲಿ ರಕ್ತನಾಳ ಹೋಗುತ್ತದೆ, ಹಿಂದಿನಿಂದ ಎಲುಬಿನ ಜೀವಕೋಶ ಬರುತ್ತದೆ.

ಫಾರ್ವರ್ಡ್‌ನಲ್ಲಿ ಇರುವುದು ಗೊಬ್ಬರದ ಕಥೆ. ಬಿಎಂಪಿ-2 ಎನ್ನುವ, ಎಲುಬು ಬೆಳೆಯಲು ಸಂದೇಶ ಕೊಡುವ ಪ್ರೋಟೀನ್ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಬೆನ್ನುಮೂಳೆಗೆ, 2007ರಲ್ಲಿ ದವಡೆಯ ಕೆಲವು ಕೆಲಸಗಳಿಗೆ ಅದನ್ನು ಒಪ್ಪಿತು. ಆಮೇಲೆ ಬೆನ್ನಿಗೆಂದೇ 40 ಮಿಲಿಗ್ರಾಂನಷ್ಟು ದೊಡ್ಡ ಡೋಸ್‌ನ ಇನ್ನೊಂದು ಉತ್ಪನ್ನ ಬಂತು. ಅದರ ಪ್ರಯೋಗದಲ್ಲಿ ಕ್ಯಾನ್ಸರ್ ಜಾಸ್ತಿ ಕಂಡಿತು. 2011ರಲ್ಲಿ ಎಫ್‌ಡಿಎ ಅದಕ್ಕೆ ಅನುಮತಿ ಕೊಡಲಿಲ್ಲ. 2013ರಲ್ಲಿ ಹೊರಗಿನ ಸಂಶೋಧಕರು ಬಿಎಂಪಿ-2 ಪ್ರಯೋಗಗಳ ಲೆಕ್ಕ ಮತ್ತೆ ನೋಡಿದಾಗಲೂ ಅಪಾಯ ಸ್ವಲ್ಪ ಹೆಚ್ಚಿರಬಹುದು, ಆದರೆ ಒಟ್ಟು ಸಂಖ್ಯೆ ಚಿಕ್ಕದು ಎಂದೇ ಬಂತು. ಕ್ಯಾನ್ಸರ್ ಇರುವವರಿಗೆ, ಗಡ್ಡೆ ತೆಗೆದ ಜಾಗದ ಹತ್ತಿರ ಬಿಎಂಪಿ-2 ಹಾಕಬಾರದು ಎಂದು ಅದರ ಲೇಬಲ್ಲಿನಲ್ಲೇ ಇದೆ. ಗೊಬ್ಬರಕ್ಕೆ ಬಸಳೆ ಯಾವುದು, ಕಳೆ ಯಾವುದು ಗೊತ್ತಾಗುವುದಿಲ್ಲ, ಅಲ್ವಾ? ಸಾದಾ ಪುಡಿಯಲ್ಲಿ ಈ ಪ್ರೋಟೀನ್ ಇರುವುದಿಲ್ಲ.

ಈಗ ನನ್ನ ಪ್ರಶ್ನೆ. ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿಗೆ ಅಮ್ಮನಿಗೆ ಆರು ತಿಂಗಳಿಗೊಮ್ಮೆ ಎಲುಬಿಗೆ ಅಂತ ಡ್ರಿಪ್ ಏನಾದರೂ ಕೊಟ್ಟಿದ್ದಾರಾ? ಹಳೇ ಫೈಲು ತೆಗೆದು ನೋಡಿ ಹೇಳಿ. ನನಗೆ ಪುಡಿಗಿಂತ ಅದರದ್ದೇ ಯೋಚನೆ.

ಪ್ರಶ್ನೆ (ಸುರತ್ಕಲ್‌ನಿಂದ):
ಇಲಿಗಳಲ್ಲಿ ಇಂಪ್ಲಾಂಟ್‌ನಿಂದ ಕ್ಯಾನ್ಸರ್ ಬಂದಿದೆ ಅಂತ ಓದಿದ್ದೆ. ಅದು ಸುಳ್ಳಾ?

ಉತ್ತರ:
ನಿಜ. 1940ರ ದಶಕದಲ್ಲಿ ಓಪನ್‌ಹೈಮರ್ ಎನ್ನುವ ಸಂಶೋಧಕರು ಇಲಿಯ ದೇಹದೊಳಗೆ ಸೆಲೋಫೇನ್ ಎಂಬ ತೆಳು ಪಾರದರ್ಶಕ ಹಾಳೆ ಇಟ್ಟಾಗ ಗಡ್ಡೆ ಬಂತು. ಮಜಾ ಏನೆಂದರೆ, ಇಂಥ ಹಾಳೆಗೆ ತೂತು ಮಾಡಿದರೆ ಗಡ್ಡೆ ಕಡಿಮೆ, ಪುಡಿ ಮಾಡಿದರೆ ಬಹುತೇಕ ಇಲ್ಲ. ಅಂದರೆ ತೊಂದರೆ ವಸ್ತುವಿಗಿಂತ ನುಣುಪಾದ ಹಾಳೆಯ ಆಕಾರದ್ದು. ಹೀಗೆ ಗಡ್ಡೆ ಬರುವ ಗುಣ ಇಲಿಗಳಿಗೆ ಮನುಷ್ಯರಿಗಿಂತ ತುಂಬಾ ಜಾಸ್ತಿ. ನಾವು ಹಾಕುವುದು ತೂತು ತೂತಾದ ಕಾಳು.

ಇಂಥ ವಸ್ತುಗಳಿಗೆ ಐಎಸ್‌ಒ 10993 ಎಂಬ ಪರೀಕ್ಷೆಯ ಸರಣಿ ಇದೆ. ಅದರ ಮೂರನೇ ಭಾಗ ವಂಶವಾಹಿಗೆ ಪೆಟ್ಟು ಬೀಳುತ್ತದಾ, ಕ್ಯಾನ್ಸರ್ ಬರುತ್ತದಾ ಎನ್ನುವುದನ್ನೂ ನೋಡುತ್ತದೆ. ನೀವು ಕೇಳಬೇಕಾದದ್ದು ಇಷ್ಟೇ: ಬಾಟಲಿಯ ಜೊತೆ ಬರುವ, ಯಾವ ತಯಾರಿಯ ಪುಡಿ ಎಂದು ತಿಳಿಸುವ ಲಾಟ್ ನಂಬರಿನ ಸ್ಟಿಕರ್ ಒಂದನ್ನು ನಿಮ್ಮ ಕಾರ್ಡಿಗೂ ಅಂಟಿಸಿ ಕೊಡಿ ಅನ್ನಿ. ಸ್ಟಿಕರ್ ಇಲ್ಲ ಅಂದರೆ ಆ ಪುಡಿಯೂ ಬೇಡ.

ಪ್ರಶ್ನೆ (ವಿಟ್ಲದಿಂದ):
ದನದ್ದು, ಹಂದಿಯದ್ದು ಎರಡೂ ಬೇಡ ಅನ್ನುವವರಿಗೆ?

ಉತ್ತರ:
ಕೃತಕ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇದೆ, ಬಯೋಗ್ಲಾಸ್ ಇದೆ. ಪುಡಿಯ ಮೇಲೆ ಹೊದಿಸುವ ಕೊಲಾಜೆನ್ ಪೊರೆ ಯಾವ ಪ್ರಾಣಿಯದ್ದು ಅಂತಲೂ ಕೇಳಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಅದೇ ಸದಸ್ಯರು:
ಅಪ್ಪನಿಗೆ ಹೋದ ವರ್ಷ ಗ್ರಾಫ್ಟ್ ಹಾಕಿ ಇಂಪ್ಲಾಂಟ್ ಕೂರಿಸಿದ್ದಾರೆ. ಈಗ ಅದರ ಪಕ್ಕದ ಒಸಡು ಊದಿ ಹುಣ್ಣಾಗಿದೆ, ಒಂದು ತಿಂಗಳಾಯಿತು. ಎಲೆಅಡಿಕೆ ಬಿಟ್ಟಿಲ್ಲ. ಗ್ರಾಫ್ಟ್‌ದೇ ಇರಬಹುದಾ?

ಉತ್ತರ:
ಗ್ರಾಫ್ಟ್‌ನ ಮೇಲೆ ಹೊರಿಸಿ ಸುಮ್ನೆ ಕಾಯಬೇಡಿ. ಹೆಚ್ಚಾಗಿ ಇದು ಇಂಪ್ಲಾಂಟ್ ಸುತ್ತಲಿನ ಸೋಂಕೇ. ಆದರೆ ಕ್ಯಾನ್ಸರ್ ಕೂಡ ಅಲ್ಲಿ ಹಾಗೆಯೇ ಕಾಣಬಹುದು. ಇಂಪ್ಲಾಂಟ್ ಪಕ್ಕ ಕ್ಯಾನ್ಸರ್ ಬಂದಿದೆ ಎಂದು ವರದಿಯಾದ ಹಲವರಲ್ಲಿ ಮೊದಲೇ ಬಾಯಲ್ಲಿ ಬಿಳಿ ಮಚ್ಚೆಯೋ ಹಳೆಯ ಬಾಯಿ ಕ್ಯಾನ್ಸರೋ ಇತ್ತು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ತೋಟದ ಊರಲ್ಲಿ ಇದನ್ನು ಹೇಳುವುದು ನನಗೂ ಸುಲಭವಲ್ಲ, ನಮ್ಮ ಮನೆಯದ್ದೂ ತೋಟವೇ. ಎರಡು ವಾರದಲ್ಲಿ ಮಾಯದ ಹುಣ್ಣಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು. ಈ ವಾರವೇ ಹೋಗಿ.

ಕಾಪುವಿನ ಸದಸ್ಯರು:
ಮೇಡಂ, ಫೈಲು ಸಿಕ್ಕಿತು. ಜೋಲೆಡ್ರಾನಿಕ್ ಆಸಿಡ್ ಅಂತ ಇದೆ, ಆರು ಸಲ. ಕೊನೆಯದ್ದು ಹದಿನಾಲ್ಕು ತಿಂಗಳ ಹಿಂದೆ. ಹಲ್ಲಿನ ಡಾಕ್ಟ್ರಿಗೆ ನಾವು ಹೇಳಿರಲಿಲ್ಲ.

ಉತ್ತರ:
ನಾನು ಹೆದರಿದ್ದು ಇದಕ್ಕೇ. ಈ ಔಷಧ ಎಲುಬು ಕರಗುವುದನ್ನು ತಡೆಯುತ್ತದೆ, ಅಮ್ಮನಿಗೆ ಅದರಿಂದ ಒಳ್ಳೆಯದೇ ಆಗಿದೆ. ಆದರೆ ವರ್ಷಗಟ್ಟಲೆ ಎಲುಬಿನಲ್ಲೇ ಉಳಿಯುತ್ತದೆ. ಅಂಥವರ ದವಡೆಯನ್ನು ಕೊರೆದರೆ ಕೆಲವರಲ್ಲಿ ಗಾಯ ಮಾಯುವುದಿಲ್ಲ, ಎಲುಬು ಸತ್ತು ಹೊರಗೆ ಕಾಣುತ್ತದೆ. 2003ರಿಂದ ಇಂಥ ಕೇಸುಗಳು ದಾಖಲಾಗಿವೆ. ಅದು ಕ್ಯಾನ್ಸರ್ ಅಲ್ಲ, ಆದರೆ ತುಂಬಾ ಕಾಡುತ್ತದೆ.

ಗ್ರಾಫ್ಟ್‌ನ ದಿನ ಮುಂದೂಡಿ. ಫೈಲು ಸಮೇತ ಮೊದಲು ಕ್ಯಾನ್ಸರ್ ಡಾಕ್ಟ್ರ ಹತ್ತಿರ ಹೋಗಿ, ಅವರ ಚೀಟಿ ಹಲ್ಲಿನ ಡಾಕ್ಟ್ರಿಗೆ ಕೊಡಿ. ಒಂದೇ ಹಲ್ಲಿಗಾದರೆ ಎಲುಬು ಕೊರೆಯದೆ, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲುಸೆಟ್ಟೇ ಸಾಕು ಅನ್ನುತ್ತೇನೆ ನಾನು. ಸೆಟ್ಟು ಒಸಡಿಗೆ ಒತ್ತದ ಹಾಗೆ ಸರಿಯಾಗಿ ಕೂರಬೇಕು, ಒತ್ತಿದರೆ ಅಲ್ಲೂ ಗಾಯವಾಗುತ್ತದೆ. ಫೈಲಿನ ಫೋಟೋ ಮಾತ್ರ ಗ್ರೂಪಿಗೆ ಹಾಕಬೇಡಿ, ಹೆಸರು ಎಲ್ಲಾ ಇರುತ್ತದೆ.