ಉಳ್ಳಾಗಡ್ಡಿ ಚೀಲದಲ್ಲಿ ವೆಟ್‌ಸೂಟ್: 4 ಕಿಲೋ ಸೀಸ ಸಾಕಾ?

ಪ್ರಶ್ನೆ: ಕಲ್ಬುರ್ಗಿ ಮೀನು

ಕಲಬುರಗಿಯಲ್ಲಿ ಕೂತು ಡೈವಿಂಗ್ ಬಗ್ಗೆ ಕೇಳ್ತೀನಿ, ನಗಬೇಡಿ. ಹೋದ ತಿಂಗಳು ಅಂಡಮಾನಿಗೆ ಟೆಕ್ (ಹೆಚ್ಚು ಆಳದ ಡೈವಿಂಗ್) ಕೋರ್ಸ್‌ಗೆ ಹೋಗಿದ್ದೆ. ಬೆನ್ನಿಗೆ ಜೋಡಿ ಅಲ್ಯೂಮಿನಿಯಂ ಸಿಲಿಂಡರ್, ಮೈಗೆ ಗಾಳಿಗುಳ್ಳೆ ತುಂಬಿದ ರಬ್ಬರಿನ 5 ಮಿ.ಮೀ. ವೆಟ್‌ಸೂಟ್, ಮುಳುಗೋಕೆ ಸೊಂಟಕ್ಕೆ 2 ಕಿಲೋ ಸೀಸ. ಇಳಿಯುವಾಗ ಏನೂ ತೊಂದರೆ ಇರಲಿಲ್ಲ. ವಾಪಸ್ ಬರುವಾಗ, ಮೈಗೆ ಸೇರಿದ ಅನಿಲ ಹೊರಹೋಗಲಿ ಅಂತ ನಿಲ್ಲಬೇಕಾದ 6 ಮೀಟರಿನ ಸ್ಟಾಪ್‌ನಲ್ಲಿ ನಿಲ್ಲೋಕೇ ಆಗಲಿಲ್ಲ. ವಿಂಗ್‌ನ (ಬೆನ್ನಿನ ಗಾಳಿಚೀಲ) ಗಾಳಿ ಪೂರ್ತಿ ಬಿಟ್ಟರೂ ಮೈ ಮೇಲಕ್ಕೇ ಹೋಗುತ್ತಿತ್ತು. ಹಗ್ಗ ಹಿಡಿದು ಬಾವುಟದ ಹಾಗೆ ನೇತಾಡಿದೆ.

ನಿನ್ನೆ ಹೊಲದ ಬಾವಿಯಲ್ಲಿ ಪರೀಕ್ಷೆ ಮಾಡಿದೆ. ಸೂಟ್ ಹಿಂಡಿ, ಉಳ್ಳಾಗಡ್ಡಿಯ ಬಲೆ ಚೀಲಕ್ಕೆ ತುರುಕಿ, ಅಂಗಳಕ್ಕೆ ಹಾಸಿ ಉಳಿದಿದ್ದ ಶಹಾಬಾದ್ ಫರ್ಸಿ ಚೂರು ಒಂದೊಂದೇ ಹಾಕಿದೆ. 4 ಕಿಲೋಗೆ ಮುಳುಗಿತು. ಹಾಗಾದರೆ ಮುಂದಿನ ಸಲ 4 ಕಿಲೋ ಸೀಸ ಕಟ್ಟಿದರೆ ಆಯ್ತು, ಅಲ್ವಾ?

ಉತ್ತರ: ಖಣಿ ಕಡೆಯವ

ಡೈವಿಂಗ್ ನನಗೆ ಗೊತ್ತಿಲ್ಲ, ಫರ್ಸಿ ಗೊತ್ತು. ಮಳೆಗಾಲದಲ್ಲಿ ಖಣಿಗೆ ನೀರು ತುಂಬಿದಾಗ ಒಳಗಿನ ಕಲ್ಲು ಸುಲಭವಾಗಿ ಎದ್ದು ಬರುತ್ತದೆ. ಅಂಚು ನೀರಿನಿಂದ ಹೊರಬಂದ ಕೂಡಲೇ ಸೊಂಟ ಹಿಡಿಯುತ್ತದೆ. ನಿಮ್ಮ 4 ಕಿಲೋ, ನೀರೊಳಗೆ 4 ಕಿಲೋ ಅಲ್ಲ ಸಾರ್.

ಉತ್ತರ: ಅರ್ಧ ಟ್ಯಾಂಕ್

ಮೇಲಿನವರು ಸರಿಯಾಗಿ ಹಿಡಿದರು. ಆ ಕಲ್ಲು ನೀರಿಗಿಂತ ಸುಮಾರು 2.6 ಪಟ್ಟು ಭಾರ. 4 ಕಿಲೋ ಕಲ್ಲು ಸುಮಾರು ಒಂದೂವರೆ ಲೀಟರ್ ನೀರು ಸರಿಸುತ್ತದೆ, ಉಳಿಯುವ ತೂಕ 2.5 ಕಿಲೋ. ಸೀಸ 11 ಪಟ್ಟು ಭಾರ, ಅದು ಕಳೆದುಕೊಳ್ಳುವುದು ಕಮ್ಮಿ. ನಿಮ್ಮ ಸೂಟಿಗೆ ಪೌಣೆ ಮೂರು ಕಿಲೋ ಸೀಸ ಸಾಕು.

ಆದರೆ ನಿಮ್ಮನ್ನು ಮೇಲಕ್ಕೆ ಎಳೆದದ್ದು ಬರೀ ಸೂಟ್ ಅಲ್ಲ, ಉಸಿರಾಡಿ ಮುಗಿಸಿದ ಗಾಳಿ. 11 ಲೀಟರಿನ ಎರಡು ಸಿಲಿಂಡರ್ 200 ಬಾರ್‌ನಿಂದ 50ಕ್ಕೆ ಇಳಿದರೆ ಸುಮಾರು 4 ಕಿಲೋ ಗಾಳಿ ಹೋಯ್ತು. ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದರೆ ತಾನೇ ತೇಲುತ್ತದೆ. ಆಳದಲ್ಲಿ ಚಪ್ಪಟೆಯಾಗಿದ್ದ ಸೂಟೂ ಮೇಲೆ ಬರುತ್ತಾ ಉಬ್ಬುತ್ತದೆ. ತುಂಬಿದ ಸಿಲಿಂಡರಿನಲ್ಲಿ ತೂಕ ನೋಡಿ ಇಳಿದಿದ್ದೀರಿ ಅನಿಸುತ್ತದೆ. ಆ ತಪ್ಪು ನಾನೂ ಮಾಡಿದ್ದೇನೆ.

ಸಮುದ್ರದಲ್ಲೇ, ಸಿಲಿಂಡರ್ ಹೆಚ್ಚು ಕಡಿಮೆ ಖಾಲಿ ಇರುವಾಗ, 3 ಮೀಟರಿನಲ್ಲಿ ನಿಂತು ನೋಡಿ. ವಿಂಗ್ ಖಾಲಿ ಮಾಡಿ ಸುಮ್ನೆ ನಿಲ್ಲಲು ಎಷ್ಟು ಸೀಸ ಬೇಕೋ ಅಷ್ಟೇ ಕಟ್ಟಿ. ಬಾವಿಯ ಲೆಕ್ಕ ಅಲ್ಲಿ ನಡೆಯಲ್ಲ. ನೀವು, ಸಾಮಾನು ಸೇರಿ 100 ಕಿಲೋ ಇದ್ದರೆ ಉಪ್ಪುನೀರಿಗೆ ಇನ್ನೂ ಎರಡೂವರೆ ಕಿಲೋ ಬೇಕಾಗುತ್ತದೆ. ಪೂರ್ತಿ ಸೀಸ ಒಂದೇ ಬೆಲ್ಟಿಗೆ ಹಾಕಬೇಡಿ. ಡಿಕೋ (ಅನಿಲ ಹೊರಹೋಗಲು ನಿಲ್ಲುವ ಆ ಸ್ಟಾಪ್) ಬಾಕಿ ಇರುವಾಗ ಅದು ಕಳಚಿ ಬಿದ್ದರೆ ನೇರ ಮೇಲೇ.

ಕಲ್ಬುರ್ಗಿ ಮೀನು

ಕೈತಕ್ಕಡಿಗೆ ಫರ್ಸಿ ಕಟ್ಟಿ ಬಕೆಟ್‌ನಲ್ಲಿ ಮುಳುಗಿಸಿದೆ. ಮುಳ್ಳು ಎರಡೂವರೆಗೇ ಬಂದು ನಿಂತಿತು! ಅವ್ವ ಬಂದು, ಕಲ್ಲಿಗೆ ಯಾಕೋ ಸ್ನಾನ ಮಾಡಿಸ್ತಿದ್ದಿ ಅಂದಳು.