ಒಳಹೋಗುವ ಬೊಲ್ಲಾರ್ಡ್ ಅರ್ಧಕ್ಕೇ ನಿಲ್ತಿದೆ, ಕಿತ್ತು ಫಿಕ್ಸೆಡ್ ಹಾಕಿಸ್ಲಾ?

ಗೇಟಿಲ್ಲದಮನೆ: ತಲೆ ಕೆಟ್ಟುಹೋಗಿದೆ. ಮನೆ ಮುಂದೆ ಹಾಕಿಸಿರೋ ರಿಟ್ರಾಕ್ಟಬಲ್ ಬೊಲ್ಲಾರ್ಡ್, ಅಂದ್ರೆ ನೆಲದೊಳಗೆ ಇಳಿಯೋ ತಡೆಗಂಬ, ಒಂದು ಗೇಣು ಹೊರಗೆ ನಿಂತುಬಿಟ್ಟಿದೆ. ಮೇಲೆ ಹತ್ತಿ ನಿಂತರೂ ಜಪ್ಪಯ್ಯ ಅನ್ನಲ್ಲ. ಕಾರು ಒಳಗೇ ಸಿಕ್ಕಿಬಿದ್ದಿದೆ. ಫಿಕ್ಸೆಡ್ಡೇ ವಾಸಿಯಾ?

ಬೋಲ್ಟುನಟ್ಟು: ಲಾಕ್. ನೂರಕ್ಕೆ ನೂರು ಲಾಕೇ. ಗ್ರಾಫೈಟ್ ಪುಡಿ ಹಾಕಿ. ಎಣ್ಣೆ ಬೇಡ, ಧೂಳು ಹಿಡಿಯತ್ತೆ.

ಕಬ್ಬಿಣದಕಡಲೆ: ಕೈಯಲ್ಲಿ ಎತ್ತೋದಾ, ಹೈಡ್ರಾಲಿಕ್ಕಾ? ಮತ್ತೆ, ಫಿಕ್ಸೆಡ್ ಹಾಕಿದ್ರೆ ಕಾರು ಎಲ್ಲಿಂದ ಹೋಗ್ಬೇಕು ಸ್ವಾಮಿ?

ಗೇಟಿಲ್ಲದಮನೆ: ಕೈಯಲ್ಲಿ ಎತ್ತೋ ಮಾಮೂಲಿದೇ ರೀ. ಗ್ರಾಫೈಟ್ ಹಾಕಿದೆ. ಕೀ ಸಲೀಸಾಗಿ ತಿರುಗ್ತಿದೆ, ಕಂಬ ಮಾತ್ರ ಅಲ್ಲೇ.

ಬೋಲ್ಟುನಟ್ಟು: ಕೀ ತಿರುಗಿದ್ರೆ ಒಳಗಿನ ನಾಲಿಗೆನೂ ತಿರುಗಿತು ಅಂತಲ್ಲ. ಇನ್ನೊಂದ್ಸಲ ಹಾಕಿ.

ಎಂಫಿಫ್ಟಿ: ನಮ್ಮ ಗೋದಾಮಿಗೆ ಎಂ50 ದರ್ಜೆ (ಗುದ್ದು ತಡೆಯೋ ಅಳತೆ) ಫಿಕ್ಸೆಡ್. 6,800 ಕೆಜಿ ಲಾರಿ 80 ಕಿಮೀ ವೇಗದಲ್ಲಿ ಗುದ್ದಿದ್ರೂ ತಡೆಯತ್ತೆ. ಅಲ್ಲಾಡೋ ಭಾಗವೇ ಇಲ್ಲ, ಕೆಡೋದೇನು?

ಸುಮ್ನೆಓದ್ತೀನಿ: ಕಾರು ಕಳ್ಳನಿಗೆ ಲಾರಿ ಲೆಕ್ಕ ಯಾಕೆ? ಬೇಕೇ ಬೇಕಂದ್ರೆ ಎಂ30 ಸಾಕು. 48 ಕಿಮೀಗೆ ತಡೆಯತ್ತೆ.

ಎಂಫಿಫ್ಟಿ: 48ಕ್ಕೂ 80ಕ್ಕೂ ಬರೀ 32ರ ವ್ಯತ್ಯಾಸ ಅಂದ್ಕೊಂಡ್ರಾ? ವೇಗದ ವರ್ಗ ಹಿಡೀರಿ, ಪೆಟ್ಟು ಸುಮಾರು 2.8 ಪಟ್ಟು.

ಕಬ್ಬಿಣದಕಡಲೆ: ಲಾರಿ ಪಕ್ಕಕ್ಕಿಡಿ. ಮಳೆ ಬಂದಿತ್ತಾ?

ಗೇಟಿಲ್ಲದಮನೆ: ವಾರದಿಂದ ಸುರೀತಿದೆ. ಒತ್ತಿದಾಗ ಕಂಬದ ಸುತ್ತ ಕೆಸರು ನೀರು ಉಕ್ಕತ್ತೆ, ಅದು ಮೊದಲಿಂದಲೂ ಇದ್ದಿದ್ದೇ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕಬ್ಬಿಣದಕಡಲೆ: ಇದನ್ನ ಮೊದಲೇ ಹೇಳೋದಲ್ವಾ! ಹೊರಗಿನ ಕೊಳವೆಯ ಬುಡದಲ್ಲಿ ನೀರು ಇಂಗೋಕೆ ಜಲ್ಲಿ ಗುಂಡಿ ಇರ್ಬೇಕು. ಇಲ್ಲದಿದ್ರೆ ಮಣ್ಣು ತಳದಲ್ಲಿ ಕೂರತ್ತೆ, ಕಂಬ ಅದರ ಮೇಲೆ ಕೂರತ್ತೆ. ಕಂಬ ಹೊರಗೆ ತೆಗೆದು ಕೆಸರು ಬಾಚಿ, ಒಂದು ಬಕೆಟ್ ನೀರು ಸುರಿದು ಇಳಿಯತ್ತಾ ನೋಡಿ.

ಗೇಟಿಲ್ಲದಮನೆ: ಸುರಿದೆ. ಎರಡು ಗಂಟೆ ಆಯ್ತು, ಹಾಗೇ ನಿಂತಿದೆ. ಗಟ್ಟಿಯಾಗಿರಲಿ ಅಂತ ನಾನೇ ತಳಕ್ಕೂ ಕಾಂಕ್ರೀಟ್ ಹಾಕಿಸಿದ್ದೆ...

ಕಬ್ಬಿಣದಕಡಲೆ: ಬಾವಿ ಕಟ್ಟಿಸಿದ್ದೀರಿ ಬಿಡಿ. ತಳ ಕೊರೆಸಿ ಕೆಳಗೆ ಜಲ್ಲಿ ತುಂಬಿಸಿ. ಅಂತರ್ಜಲ ಮೇಲೇ ಇರೋ ಜಾಗ ಆದ್ರೆ ಅದೂ ದಂಡ, ಆಗ ಎರಡು ಬದಿಗೆ ಫಿಕ್ಸೆಡ್, ನಡುವೆ ಕಿತ್ತಿಡೋ ಕಂಬ. ಕಿತ್ತಿಡೋದು ಬೇಜಾರಿನ ಕೆಲಸ, ಆದ್ರೆ ಮಳೇಲಿ ಕೈಕೊಡಲ್ಲ.

ಸುಮ್ನೆಓದ್ತೀನಿ: ಕಂಬ ಕಂಬದ ನಡುವೆ 1.2 ಮೀಟರ್ ಬಿಡಿ. ಕಾರು ನುಗ್ಗಲ್ಲ, ಗಾಲಿಕುರ್ಚಿ ಹೋಗತ್ತೆ.

ಎಂಫಿಫ್ಟಿ: ನಮ್ಮಲ್ಲಿ 1.1.

ಬೋಲ್ಟುನಟ್ಟು: ಲಾಕ್ ಬಿಚ್ಚಿ ನೋಡಿದ್ರಾ?