ಡಿ.ಫಾರ್ಮ ಸರ್ಟಿಫಿಕೇಟ್ ಬಾಡಿಗೆಗೆ ಕೊಡಬಹುದಾ?

ಪ್ರಶ್ನೆ

ನಮಸ್ಕಾರ ಸರ್. ನಾನು ಹಾವೇರಿ ಕಡೆಯವಳು. ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮುಗಿಸಿ, ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ ಮೂರು ತಿಂಗಳಾಯ್ತು. ದೂರದ ಸಂಬಂಧಿಯೊಬ್ಬರು ಮೆಡಿಕಲ್ ಶಾಪ್ ತೆಗೆಯುತ್ತಿದ್ದಾರೆ. "ನೀನು ಅಂಗಡಿಗೆ ಬರೋದೇ ಬೇಡ, ಸರ್ಟಿಫಿಕೇಟ್ ಕೊಡು ಸಾಕು, ತಿಂಗಳಿಗೆ 5 ಸಾವಿರ ಮನೆಗೇ ಕಳಿಸ್ತೀನಿ" ಅನ್ನುತ್ತಾರೆ. ಆಸ್ಪತ್ರೆ ಫಾರ್ಮಸಿಯಲ್ಲಿ ಕೇಳಿದರೆ ಸಂಬಳ 12 ಸಾವಿರ ಅಂದರು, ಪಿಜಿ ಬಾಡಿಗೆಗೇ ಅರ್ಧ ಹೋಗುತ್ತದೆ. ಕೂತಲ್ಲಿಗೆ ಬರೋ ದುಡ್ಡು ಯಾಕೆ ಬಿಡ್ತೀಯಾ ಅಂತ ಅಪ್ಪ ಕೇಳುತ್ತಾರೆ. ಎಲ್ಲರೂ ಹೀಗೇ ಮಾಡುತ್ತಾರಂತೆ. ಕೊಡಬಹುದಾ?

ಉತ್ತರ

ಕೊಡಬೇಡಿ ತಂಗಿ. ನಾನು ಶಿವಮೊಗ್ಗ ಕಡೆ 22 ವರ್ಷದಿಂದ ಕೌಂಟರ್‌ನಲ್ಲಿ ನಿಂತವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಲು ಕಾನೂನು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಡಾಕ್ಟರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಬೇರೆಯವರು ಕೊಟ್ಟರೆ ಜೈಲು ಶಿಕ್ಷೆಯೂ ಆಗಬಹುದು. ಅಂಗಡಿಯ ಲೈಸೆನ್ಸ್, ಅಂದರೆ ಫಾರ್ಮ್ 20 ಮತ್ತು 21ರಲ್ಲಿ, ನಿಮ್ಮ ಹೆಸರಿರುತ್ತದೆ. ಅಲ್ಲಿ ಕೆಲಸದ ಹುಡುಗ ಏನು ಕೊಟ್ಟರೂ ಅದು ನಿಮ್ಮ ಕಣ್ಣೆದುರೇ ಕೊಟ್ಟ ಲೆಕ್ಕ. ಹಾವೇರಿಯ ಮನೆಯಲ್ಲಿ ಕೂತು ಅದಕ್ಕೆ ಏನಂತ ಉತ್ತರ ಕೊಡುತ್ತೀರಿ? ದುರ್ನಡತೆ ಸಾಬೀತಾದರೆ ಕೌನ್ಸಿಲ್ ನಿಮ್ಮ ಹೆಸರನ್ನೇ ರಿಜಿಸ್ಟರ್‌ನಿಂದ ತೆಗೆಯಬಹುದು. ಓದಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಆದರೆ ನನಗೆ ಕಾನೂನಿಗಿಂತ ಜಾಸ್ತಿ ಕಾಡುವುದು ಬೇರೆ. ಎರಡು ವರ್ಷದ ಹಿಂದೆ ಒಬ್ಬ ಅಜ್ಜಿ ಬಂದು, "ಬಾಯಲ್ಲಿ ಹುಣ್ಣಾಗಿದೆ ಮಗಾ, ಹಚ್ಚೋಕೆ ಏನಾದರೂ ಕೊಡು" ಅಂದರು. ಬೇರೆ ಮಾತ್ರೆ ಏನಾದರೂ ತಗೊಳ್ತಿದ್ದೀರಾ ಅಂತ ಕೇಳಿದೆ. ಸೆರಗಿನ ಗಂಟು ಬಿಚ್ಚಿ ಒಂದು ಸ್ಟ್ರಿಪ್ ತೆಗೆದರು. ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ಕೊಡುವ ಮಾತ್ರೆ, ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಬಾಯಿ ಹುಣ್ಣು ಅದರ ಮುನ್ಸೂಚನೆ. ಡಾಕ್ಟರು ಚೀಟಿಯಲ್ಲಿ ವಾರಕ್ಕೊಮ್ಮೆ ಅಂತಲೇ ಬರೆದಿದ್ದರು. ಸ್ಟ್ರಿಪ್ ಹಿಂದೆ ಪೆನ್ನಿನಲ್ಲಿ "ರಾತ್ರಿ 1" ಅಂತ ಇತ್ತು. ಆರು ಮಾತ್ರೆ ಖಾಲಿಯಾಗಿತ್ತು.

ಆಟೋದಲ್ಲಿ ನಾನೇ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಅಜ್ಜಿ ಉಳಿದರು. ಆ ಮಾತ್ರೆ ಕೊಟ್ಟ ಅಂಗಡಿಯ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿತ್ತು, ಅದರ ಒಡೆಯ ಮಾತ್ರ ಬೇರೆ ಜಿಲ್ಲೆಯಲ್ಲಿದ್ದ.

ಇನ್ನು ನಿಮ್ಮ ಮುಂದಿನ ದಾರಿ. 12 ಸಾವಿರ ಕಡಿಮೆಯೇ, ಸುಮ್ನೆ ಸಮಾಧಾನ ಹೇಳುವುದಿಲ್ಲ. ಆದರೂ ಒಂದು ವರ್ಷ ಆಸ್ಪತ್ರೆಯಲ್ಲಿ ಮಾಡಿ. ಇನ್ಸುಲಿನ್ ಫ್ರಿಜ್‌ನಲ್ಲಿ ಇಡುವುದರಿಂದ ಹಿಡಿದು ಷೆಡ್ಯೂಲ್ ಎಚ್1 ರಿಜಿಸ್ಟರ್, ಅಂದರೆ ಕೊಟ್ಟಾಗೆಲ್ಲ ಲೆಕ್ಕ ಬರೆದಿಡಬೇಕಾದ ಔಷಧಗಳ ಪುಸ್ತಕ, ಬರೆಯುವವರೆಗೆ ಕೈ ಪಳಗುತ್ತದೆ. ಸೆಫಿಕ್ಸಿಮ್, ಟ್ರಮಡಾಲ್, ಆಲ್ಪ್ರಜೋಲಮ್, ಟಿಬಿ ಮಾತ್ರೆಗಳು ಇವೆಲ್ಲ ಎಚ್1 ಪಟ್ಟಿಯಲ್ಲಿವೆ. ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿರಿ, ಎಲ್ಲ ಬರೆದು ಆ ಪುಸ್ತಕ ಮೂರು ವರ್ಷ ಇಡಬೇಕು. 2014ರ ಮಾರ್ಚ್‌ನಿಂದ ಈ ನಿಯಮ ಇದೆ.

ಆಮೇಲೆ ಬಿ.ಫಾರ್ಮ ಡಿಗ್ರಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡ್ರಗ್ ಇನ್‌ಸ್ಪೆಕ್ಟರ್ ಆಗುವ ಆಸೆ ಇದ್ದರೆ ಡಿಗ್ರಿ ಬೇಕೇ ಬೇಕು, ಡಿಪ್ಲೊಮಾ ಸಾಲದು. ಸರ್ಕಾರಿ ಆಸ್ಪತ್ರೆಯ ಫಾರ್ಮಸಿ ಅಧಿಕಾರಿ ಹುದ್ದೆಗಳ ಮೇಲೂ ಕಣ್ಣಿಡಿ.

ಮೆಡಿಕಲ್ ಶಾಪ್ ಇಟ್ಟಿರುವ ಒಬ್ಬರು

ಸರ್, ನಿಮ್ಮ ಮಾತು ಸರಿ. ಆದರೆ ಹೋಬಳಿ ಮಟ್ಟದಲ್ಲಿ ಬಂದು ಕೂರುವ ಫಾರ್ಮಸಿಸ್ಟ್ ಎಲ್ಲಿ ಸಿಗುತ್ತಾರೆ? ನಾವು ಅಂಗಡಿ ಮುಚ್ಚಬೇಕಾ?

ಉತ್ತರ

ನಿಮ್ಮ ಕಷ್ಟ ಗೊತ್ತು ಅಣ್ಣಾ. ಆದರೆ ಬಾಡಿಗೆ ಸರ್ಟಿಫಿಕೇಟ್ ಅಗ್ಗಕ್ಕೆ ಸಿಗುವ ತನಕ ಕೂತು ಕೆಲಸ ಮಾಡುವವರಿಗೆ ಸರಿಯಾದ ಸಂಬಳ ಯಾರೂ ಕೊಡುವುದಿಲ್ಲ. ಅದಕ್ಕೇ ಯಾರೂ ಬರುವುದೂ ಇಲ್ಲ. ಈ ತಂಗಿಯಂಥವರನ್ನು ಪಾಲುದಾರರಾಗಿ ಸೇರಿಸಿಕೊಳ್ಳಿ, ಲಾಭದಲ್ಲಿ ಪಾಲು ಕೊಡಿ. ನನ್ನ ಅಂಗಡಿ ಶುರುವಾಗಿದ್ದೇ ಹಾಗೆ. ದುಡ್ಡು ಪಾಲುದಾರರದು, ದುಡಿಮೆ ನನ್ನದು.

ಪ್ರಶ್ನೆ ಕೇಳಿದವರು

ಸರ್, ಒಂದು ವಿಷಯ ಹೇಳಿರಲಿಲ್ಲ. ಹೋದ ವಾರ ಅಪ್ಪ ನನ್ನ ಸಹಿ ಇರುವ ಸರ್ಟಿಫಿಕೇಟ್ ಜೆರಾಕ್ಸ್ ಆ ಸಂಬಂಧಿಗೆ ಕೊಟ್ಟುಬಿಟ್ಟಿದ್ದಾರೆ. ಭಯ ಆಗುತ್ತಿದೆ.

ಉತ್ತರ

ಭಯ ಬೇಡ, ಆದರೆ ತಡಮಾಡಬೇಡಿ. ಇವತ್ತೇ ಹೋಗಿ ಜೆರಾಕ್ಸ್ ವಾಪಸ್ ತಗೊಳ್ಳಿ. ಜೊತೆಗೆ ನಿಮ್ಮ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಒಂದು ಪತ್ರ ಬರೆಯಿರಿ. ನಿಮ್ಮ ನೋಂದಣಿ ಸಂಖ್ಯೆ, ಅಂಗಡಿ ಎಲ್ಲಿ ಅನ್ನೋದು, ಅಲ್ಲಿ ಕೆಲಸ ಮಾಡಲು ನೀವು ಒಪ್ಪಿಲ್ಲ ಅನ್ನೋದು, ಇಷ್ಟು ಸಾಕು. ಖುದ್ದಾಗಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮುಂದೆ ಯಾರಿಗೇ ಜೆರಾಕ್ಸ್ ಕೊಟ್ಟರೂ ಯಾವ ಕೆಲಸಕ್ಕೆ ಅಂತ ಅದರ ಮೇಲೇ ಅಡ್ಡವಾಗಿ ಬರೆದು, ತಾರೀಕು ಹಾಕಿ ಕೊಡಿ. ಅಪ್ಪನಿಗೆ ಬೇಕಿದ್ದರೆ ನಾನೇ ಫೋನ್ ಮಾಡಿ ಹೇಳುತ್ತೇನೆ, ಆ ಅಜ್ಜಿಯ ವಿಷಯವನ್ನೂ ಸೇರಿಸಿ.